ರತ್ನಮ್ಮ ಮೇಡಂ ಮತ್ತು ಎದುರು ಹೋಟೆಲಿನ ಟೀ

ಹೋದ ವಾರ ಚಿಕ್ಕಬಳ್ಳಾಪುರದ ಬೈಪಾಸ್ ಪಕ್ಕ ಹೊಸದಾಗಿ ತೆರೆದಿರುವ ಹೋಟೆಲಿನಲ್ಲಿ ಒಂದು ಖಾಲಿ ದೋಸೆ ತಿಂದು ಹೊರಗೆ ಬಂದೆ. ತೊಳೆದ ಕೈ ಇನ್ನೂ ಆರಿರಲಿಲ್ಲ, ಚೀಲದೊಳಗಿನ ಫೋನು ಟಿಣ್ ಎಂದಿತು. ತೆಗೆದು ನೋಡಿದರೆ, ‘ಹೇಗಿತ್ತು? ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಕೇಳುತ್ತಿದೆ. ನಾನು ಅಲ್ಲಿಗೆ ಹೋಗಿದ್ದು ಅದಕ್ಕೆ ಹೇಗೆ ತಿಳಿಯಿತೋ ದೇವರೇ ಬಲ್ಲ. ಮನೆಯಲ್ಲಿ ಕೂಡ ಇಷ್ಟು ಅಕ್ಕರೆಯಿಂದ ಯಾರೂ ನನ್ನ ಅಭಿಪ್ರಾಯ ಕೇಳಿದವರಲ್ಲ. ಹೋಟೆಲಿನ ಮೆಟ್ಟಿಲ ಮೇಲೆ ನಿಂತು, ಏನು ಬರೆಯಲಿ ಎಂದು ಯೋಚಿಸಿದೆ. ದೋಸೆ ಮೆತ್ತಗಿತ್ತು, ಸರಿ. ಸಾಗು ಸ್ವಲ್ಪ ಸಿಹಿಯಾಗಿತ್ತು. ಕೂರುವ ಕುರ್ಚಿ ಮಾತ್ರ ನಮ್ಮಂಥ ಅರವತ್ತು ದಾಟಿದವರ ಸೊಂಟವನ್ನು ನೆನೆದು ಮಾಡಿದ್ದಲ್ಲ. ಇಷ್ಟನ್ನು ಬರೆಯುವುದಕ್ಕೆ ಹೊರಟರೆ ನಿಂತಲ್ಲೇ ಕತ್ತಲಾಗುತ್ತದೆ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿ ಬಸ್‌ಸ್ಟ್ಯಾಂಡಿನ ಕಡೆ ಹೊರಟೆ.

ದಾರಿಯುದ್ದಕ್ಕೂ ರತ್ನಮ್ಮ ಮೇಡಂ ನೆನಪಾದರು. ಯಾರೂ ಕೇಳದೆ, ಯಾವ ಯಂತ್ರವೂ ನೆನಪಿಸದೆ, ಕಂಡದ್ದಕ್ಕೆಲ್ಲ ಅಭಿಪ್ರಾಯ ಹೇಳಿಕೊಂಡು ಬದುಕಿದವರು ಅವರು.

ನಾನು ಅವರನ್ನು ಮೊದಲು ನೋಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಟೀಚರ್ ಕೆಲಸದ ಆರ್ಡರು ಕೈಗೆ ಬಂದಾಗ ನನಗೆ ಇಪ್ಪತ್ಮೂರು. ಗೌರಿಬಿದನೂರಿನಲ್ಲಿ ಗುಮಾಸ್ತರ ಮಗಳಾಗಿ ಬೆಳೆದ ನಾನು ಅಲ್ಲಿಯವರೆಗೆ ಒಬ್ಬಳೇ ಕೂತು ಒಂದು ಕಾಫಿ ಕುಡಿದವಳಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಊರಿನ ಹೆಸರು ಬೇಡ ಬಿಡಿ, ಅಲ್ಲಿಯವರು ಈಗ ಬೇರೆಯೇ ಜನ. ಆ ಊರಿನ ಶಾಲೆಗೆ ನನ್ನನ್ನು ಹಾಕಿದ್ದರು. ಏಳನೇ ತರಗತಿಯವರೆಗೆ ಇದ್ದ ಶಾಲೆಯಲ್ಲಿ ಒಬ್ಬರು ಹೆಡ್ಮಾಸ್ತರು, ರತ್ನಮ್ಮ ಮೇಡಂ, ಈಗ ನಾನು. ಶಿಡ್ಲಘಟ್ಟದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ರತ್ನಮ್ಮ ಮೇಡಂ ಕೂಡ ಶಿಡ್ಲಘಟ್ಟದವರೇ ಆದ್ದರಿಂದ ಬೆಳಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು.

ಅವರಿಗೆ ಆಗ ನಲವತ್ತರ ಆಸುಪಾಸು. ಗಟ್ಟಿ ಮೈ, ಬಿಗಿಯಾಗಿ ಕಟ್ಟಿದ ತುರುಬು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಗಂಡ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಮೊದಲ ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಜಾಗ ಕೊಟ್ಟು ಅವರು ನನ್ನನ್ನು ಕೇಳಿದ್ದು ಊರು, ಹೆಸರು, ಕುಲ ಯಾವುದನ್ನೂ ಅಲ್ಲ.

“ಬೆಳಗ್ಗೆ ಎಲ್ಲಿ ತಿಂಡಿ ತಿಂದ್ಯಮ್ಮ?”

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲ್ ಎಂದೆ.

“ಹೇಗಿತ್ತು?”

“ಪರವಾಗಿಲ್ಲ ಮೇಡಂ.”

“ಪರವಾಗಿಲ್ಲ ಅನ್ನೋದು ಒಂದು ಉತ್ತರಾನಾ? ಇಡ್ಲಿ ಹುಳಿ ಬಂದಿತ್ತೋ ಇಲ್ವೋ?”

ಬಂದಿತ್ತು. ಆದರೆ ಅದನ್ನು ಹೇಳಬಹುದು ಎಂದು ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ತಟ್ಟೆಗೆ ಬಿದ್ದದ್ದನ್ನು ತಿಂದು ಏಳುವುದೇ ಸಭ್ಯತೆ. ಹುಡುಗಿಯರಂತೂ ಉಪ್ಪಿಲ್ಲದಿದ್ದರೂ ತಲೆ ಬಗ್ಗಿಸಿಕೊಂಡು ಉಣ್ಣಬೇಕು.

ಮೇಡಂ ಹತ್ತಿರ ಸುತ್ತಲಿನ ನಾಲ್ಕು ತಾಲ್ಲೂಕಿನ ಹೋಟೆಲುಗಳ ನಕ್ಷೆಯೇ ಇತ್ತು. ಚಿಂತಾಮಣಿಯ ಯಾವ ಹೋಟೆಲಿನಲ್ಲಿ ಮಸಾಲೆ ದೋಸೆಯನ್ನು ಬೆಳಗ್ಗೆ ಮಾತ್ರ ತಿನ್ನಬೇಕು, ಯಾವುದರಲ್ಲಿ ಮಧ್ಯಾಹ್ನದ ಮೇಲೂ ತಿನ್ನಬಹುದು, ಚಿಕ್ಕಬಳ್ಳಾಪುರದಲ್ಲಿ ಯಾರ ಕೇಸರಿಬಾತು ಗಂಟಲಲ್ಲಿ ನಿಲ್ಲುತ್ತದೆ, ಯಾರದು ಜಾರುತ್ತದೆ, ಎಲ್ಲವೂ ಬಾಯಿಪಾಠ. ಶಿಡ್ಲಘಟ್ಟದ ಒಂದು ಹೋಟೆಲಿನ ಬಗ್ಗೆ, “ಒಳಗೆ ಕೂತಷ್ಟು ಹೊತ್ತು ತುಪ್ಪದ ವಾಸನೆ, ಹೊರಗೆ ಕಾಲಿಟ್ಟರೆ ಗೂಡು ಬೇಯಿಸೋ ವಾಸನೆ. ಅದಕ್ಕೇ ಅಲ್ಲಿ ಜನ ಎದ್ದೇಳಲ್ಲ” ಎನ್ನುತ್ತಿದ್ದರು. ರೇಷ್ಮೆ ಗೂಡು ಬೇಯುವ ಆ ವಾಸನೆ ಗೊತ್ತಿದ್ದವರಿಗೆ ಮಾತು ಎಷ್ಟು ಸತ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಅಲೀಪುರದಲ್ಲಿ ಅವರ ಜೊತೆ ಟೀಚರ್ ಟ್ರೈನಿಂಗ್ ಮಾಡಿದ ಗೆಳತಿಯೊಬ್ಬರಿದ್ದರು. ಆಕೆಯ ಮನೆಯ ಶೀರ್ ಖುರ್ಮಾ ತಿಂದ ಮೇಲೆ ಹೋಟೆಲಿನವರು ಕೊಡುವ ಪಾಯಸಕ್ಕೆಲ್ಲ ‘ಶ್ಯಾವಿಗೆ ಸ್ನಾನ ಮಾಡಿದ ನೀರು’ ಎಂದು ಹೆಸರಿಟ್ಟಿದ್ದರು.

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಬಿಟ್ಟರೆ ನಮ್ಮಿಬ್ಬರ ಸವಾರಿ ಚಿಂತಾಮಣಿಗೆ. ಮೊದಲು ತಿಂಡಿ, ಆಮೇಲೆ ಮ್ಯಾಟಿನಿ. ಕನ್ನಡವೋ ತೆಲುಗೋ, ಯಾವುದು ಓಡುತ್ತಿದೆಯೋ ಅದು. ಇಬ್ಬರು ಹೆಂಗಸರು ಗಂಡಸರ ಜೊತೆಯಿಲ್ಲದೆ ಸಿನಿಮಾಕ್ಕೆ ಹೋಗುವುದು ಆಗ ಸಣ್ಣ ಸಂಗತಿಯಲ್ಲ. ನಾನು ಸೆರಗು ಹೊದ್ದು, ಯಾರಾದರೂ ನೋಡಿಯಾರು ಎಂದು ಮುದುಡಿ ಕೂರುತ್ತಿದ್ದೆ. ಮೇಡಂ ಮಾತ್ರ ತಮ್ಮ ತರಗತಿಯಲ್ಲಿ ಕೂತಷ್ಟೇ ನೆಟ್ಟಗೆ ಕೂತು, ತಪ್ಪು ಹುಡುಕುವ ಕಣ್ಣಲ್ಲೇ ಪರದೆ ನೋಡುತ್ತಿದ್ದರು. ಹೀರೋ ಸರ್ಟಿಫಿಕೇಟ್ ಹಿಡಿದು, “ಅಮ್ಮಾ, ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ” ಎಂದು ಓಡಿ ಬಂದ ಕೂಡಲೇ, “ಯಾವಾಗ ಓದಿದ್ನಂತೆ? ಇಷ್ಟು ಹೊತ್ತು ಮರ ಸುತ್ತುತಾ ಇದ್ನಲ್ಲ” ಎಂದು ಮುಂದಿನ ಸಾಲಿಗೆ ಕೇಳುವಂತೆ ಅನ್ನುತ್ತಿದ್ದರು. ತಪ್ಪೇ ಮಾಡದ ಹೆಂಡತಿ ಕೊನೆಯಲ್ಲಿ ಗಂಡನ ಕಾಲಿಗೆ ಬಿದ್ದರೆ ಆ ಸಿನಿಮಾ ಅಲ್ಲಿಗೆ ಫೇಲು. “ಅಳೋದಕ್ಕೆ ಮೂರು ಹಾಡಿಟ್ಟವ್ರೆ. ಆ ಮನೇಲಿ ಅಡುಗೆ ಯಾವಾಗ ಮಾಡ್ತಾರೋ ಕಾಣೆ!” ನಾನು ಆಗಲೇ ಎರಡು ಕರ್ಚೀಫು ನೆನೆಸಿರುತ್ತಿದ್ದೆ. ಆದರೂ, “ಹೌದು ಮೇಡಂ, ಚೆನ್ನಾಗಿರಲಿಲ್ಲ” ಎಂದು ತಲೆಯಾಡಿಸುತ್ತಿದ್ದೆ.

ಮನೆಗೆ ಬರುವ ಹೊಸ ಯಂತ್ರಗಳೂ ಅವರ ಬಾಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮಿಕ್ಸಿ ಚಟ್ನಿಯನ್ನು ಅರೆಯುವುದಿಲ್ಲ, ಹೆದರಿಸುತ್ತದೆ ಅಷ್ಟೆ. ಟೇಪ್‌ರೆಕಾರ್ಡರು ಒಳ್ಳೆಯದೇ, ಆದರೆ ಅದರ ರೀಲು ಸಿಕ್ಕಿಕೊಂಡಾಗ ಪೆನ್ಸಿಲ್ಲಿನಲ್ಲಿ ಸುತ್ತುವ ತಾಳ್ಮೆ ಇದ್ದವರು ಮಾತ್ರ ಕೊಳ್ಳಬೇಕು. ಅವರ ಗಂಡ ಒಂದು ಬ್ಲಾಕ್ ಅಂಡ್ ವೈಟ್ ಟೀವಿ ತಂದಿದ್ದರು. ಭಾನುವಾರ ನಾನು ಹೋದಾಗಲೆಲ್ಲ ಅವರು ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ, “ಬಂತಾ?” ಎಂದು ಕೂಗುವುದು, ಇವರು ಕೆಳಗಿನಿಂದ, “ಬಂತು... ಹೋಯ್ತು!” ಎನ್ನುವುದು. “ಕಂಬ ಹತ್ತಿ ಊರಿಗೆಲ್ಲ ಬೆಳಕು ಕೊಡ್ತಾರಮ್ಮ ನಮ್ಮ ಯಜಮಾನ್ರು. ಸ್ವಂತ ಮನೆ ಮೇಲೆ ಹತ್ತಿ ಒಂದು ಚಿತ್ರ ಇಳಿಸೋಕೆ ಆಗಲ್ಲ.” ಆ ಟೀವಿಯ ಮೇಲೆ ಗೋಡೆಯಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧನ ಪಟ. ಮೇಡಂ ತಂದೆ ಇಳಿವಯಸ್ಸಿನಲ್ಲಿ ಬುದ್ಧನ ದಾರಿ ಹಿಡಿದವರಂತೆ. ಈ ಗಲಾಟೆಗೆಲ್ಲ ಕಣ್ಣು ತೆರೆಯದವನು ಅವನೊಬ್ಬನೇ ಎಂದು ಮೇಡಂ ನಗುತ್ತಿದ್ದರು.

ಇಷ್ಟೆಲ್ಲ ಟೀಕೆಯ ನಡುವೆ ಅವರು ತುಂಬು ಮನಸ್ಸಿನಿಂದ ಮೆಚ್ಚಿದ್ದ ವಸ್ತು ಒಂದೇ, ಅವರ ಫ್ಲಾಸ್ಕು. ಹಸಿರು ಬಣ್ಣದ್ದು, ಮುಚ್ಚಳವೇ ಲೋಟ. ದಿನವೂ ಮನೆಯಿಂದ ಟೀ ತುಂಬಿಸಿ ತಂದು ಹನ್ನೊಂದು ಗಂಟೆಯ ಬಿಡುವಿನಲ್ಲಿ ನನಗೂ ಬಗ್ಗಿಸುತ್ತಿದ್ದರು. “ಮನುಷ್ಯ ಕಂಡುಹಿಡಿದಿದ್ರಲ್ಲಿ ದೊಡ್ಡದು ಇದೇ ಕಣಮ್ಮ. ರಾಕೆಟ್ಟು ಗೀಕೆಟ್ಟು ಎಲ್ಲ ಆಮೇಲೆ.”

ಶಾಲೆಯ ಎದುರಿಗೇ, ಬಸ್ಸು ನಿಲ್ಲುವ ಜಾಗದಲ್ಲಿ, ಒಂದು ಹಳ್ಳಿ ಹೋಟೆಲಿತ್ತು. ನಂಜುಂಡಪ್ಪ ಎಂಬುವವರದು. ನಾಲ್ಕೈದು ಬೆಂಚು, ಒಂದು ಗಾಜಿನ ಡಬ್ಬದಲ್ಲಿ ಬೆಣ್ಣೆ ಬಿಸ್ಕತ್ತು, ಬೆಳಗ್ಗೆ ಇಡ್ಲಿ, ಸಂಜೆ ಬೋಂಡ. ಅವರ ಮಗಳು ನಾಗವೇಣಿ ನಮ್ಮ ಶಾಲೆಯಲ್ಲೇ ಏಳನೇ ತರಗತಿ. ಎದುರಿಗೇ ಹೋಟೆಲಿರುವಾಗ ಮನೆಯಿಂದ ಹೊತ್ತು ತರುವುದೇಕೆ ಎಂದು ನಾನು ಒಮ್ಮೆ ಕೇಳಿದ್ದೆ.

“ಅಲ್ಲಿ ಟೀ ಚೆನ್ನಾಗಿಲ್ಲ” ಎಂದರು ಮೇಡಂ. ಅಷ್ಟೇ ಚುಟುಕಾಗಿ. ಎಲ್ಲದಕ್ಕೂ ಕಾರಣ ಕೊಡುವವರು ಇದಕ್ಕೆ ಮಾತ್ರ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷ ಇನ್ನೊಂದು ಸಲ ಅವರು, “ನಿಮ್ಮ ಗೌರಿಬಿದನೂರಿಗೆ ಬಂದ್ರೆ ಎಲ್ಲಿ ಊಟ ಚೆನ್ನಾಗಿರುತ್ತಮ್ಮ?” ಎಂದು ಕೇಳಿದ್ದರು. ನಾನು ರೈಲ್ವೆ ಸ್ಟೇಷನ್ ರಸ್ತೆಯ ಹೋಟೆಲೊಂದರ ಗುರುತು ಹೇಳಿದೆ. “ನಮ್ಮ ಮನೆಗೇ ಬನ್ನಿ ಮೇಡಂ” ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಂದ ಯಾಕೆ ಹಿಂದೆ ಹೋಯಿತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಗೊತ್ತಿತ್ತು.

ಆ ಫ್ಲಾಸ್ಕು ಒಂದು ಬೆಳಗ್ಗೆ ಬಸ್ಸಿನಲ್ಲಿ ಒಡೆಯಿತು. ಹಳ್ಳದಲ್ಲಿ ಬಸ್ಸು ಎಗರಿದಾಗ ಸೀಟಿನಿಂದ ಉರುಳಿ ಬಿದ್ದು, ಎತ್ತಿ ಅಲ್ಲಾಡಿಸಿದರೆ ಒಳಗೆಲ್ಲ ಗಾಜಿನ ಚೂರಿನ ಸದ್ದು. ಮೇಡಂ ಮುಖ ಸಣ್ಣದಾಯಿತು. ಹನ್ನೊಂದು ಗಂಟೆಗೆ ನನಗೇನೋ ಉತ್ಸಾಹ ಬಂದು, ಅವರಿಗೆ ಹೇಳದೆಯೇ ರಸ್ತೆ ದಾಟಿ ನಂಜುಂಡಪ್ಪನವರಿಗೆ ಮೂರು ಟೀ ಎಂದೆ.

“ಯಾರ್ಯಾರಿಗಮ್ಮ?” ಎಂದು ಕೇಳಿದರು ಅವರು.

“ಹೆಡ್ಮಾಸ್ತರಿಗೆ, ನನಗೆ, ರತ್ನಮ್ಮ ಮೇಡಂಗೆ.”

ಅವರು ಶೆಲ್ಫಿನಿಂದ ಎರಡು ಸ್ಟೀಲ್ ಲೋಟ ಇಳಿಸಿದರು. ಆಮೇಲೆ ಹೊರಗೆ ಬಂದು, ಹೋಟೆಲಿನ ಪಕ್ಕದ ಸೂರಿಗೆ ಕೈ ಹಾಕಿ, ಗರಿಯ ಸಂದಿಯಲ್ಲಿ ಸಿಕ್ಕಿಸಿದ್ದ ಒಂದು ಗಾಜಿನ ಲೋಟ ತೆಗೆದರು. ಅಂಚು ಮುಕ್ಕಾಗಿತ್ತು. ಅದರ ಪಕ್ಕದಲ್ಲಿ ಅಂಥವೇ ಇನ್ನೂ ನಾಲ್ಕೈದು. ಅದಕ್ಕೆ ಮೇಲಿಂದ ನೀರು ಹಾಕಿ ಕುಲುಕಿ, ಎತ್ತರದಿಂದ ಟೀ ಸುರಿದು, ತಟ್ಟೆಯಲ್ಲಿ ಉಳಿದೆರಡಕ್ಕೆ ತಾಗದಂತೆ ಇಟ್ಟು ನನ್ನ ಕೈಗೆ ಕೊಟ್ಟರು. ಅವರ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ದಿನವೂ ಮಾಡುವ ಕೆಲಸ ಮಾಡಿದ ಹಾಗಿತ್ತು.

ನೀವು ಕೇಳಬಹುದು, ನಾನು ಅಲ್ಲೇ ಏನಾದರೂ ಅಂದೆನೇ ಎಂದು. ಇಲ್ಲ. ತಟ್ಟೆ ಹಿಡಿದು ರಸ್ತೆ ದಾಟಿದೆ. ಶಾಲೆಯೊಳಗೆ ಹೋಗಿ, ನನ್ನ ಬುದ್ಧಿಗೆ ತೋಚಿದ ಜಾಣತನ ಮಾಡಿದೆ. ಸ್ಟೀಲ್ ಲೋಟಗಳನ್ನು ಅವರಿಬ್ಬರಿಗೂ ಕೊಟ್ಟು, ಗಾಜಿನ ಲೋಟ ನಾನು ಹಿಡಿದುಕೊಂಡೆ. ಹೆಡ್ಮಾಸ್ತರು ಒಮ್ಮೆ ಕೆಮ್ಮಿ, ಹಾಜರಿ ಪುಸ್ತಕ ತೆಗೆದುಕೊಂಡು ಹೊರಗೆ ಹೋದರು.

ಮೇಡಂ ತಮ್ಮ ಲೋಟದ ಟೀ ಕುಡಿಯದೆ ನನ್ನ ಕೈಯಲ್ಲಿದ್ದ ಲೋಟವನ್ನೇ ನೋಡುತ್ತಿದ್ದರು.

“ಅದನ್ನ ಕೆಳಗಿಡಮ್ಮ” ಎಂದರು. “ನೀನು ಅದರಲ್ಲಿ ಕುಡಿದುಬಿಟ್ರೆ ಆ ಲೋಟ ಏನು ಇಲ್ಲವಾಗುತ್ತಾ? ಕೈ ಬದಲಾಗುತ್ತೆ ಅಷ್ಟೆ.”

ನನಗೆ ಅಳು ಬಂತು. “ನನಗೆ ಗೊತ್ತಿರಲಿಲ್ಲ ಮೇಡಂ” ಎಂದೆ.

“ವರ್ಷದಿಂದ ದಿನಾ ಆ ಸೂರಿನ ಕೆಳಗೇ ಬಸ್ಸಿಗೆ ಕಾಯ್ತೀಯ. ಗೊತ್ತಿರಲಿಲ್ಲ ಅನ್ನಬೇಡ. ನೋಡಿರಲಿಲ್ಲ ಅನ್ನು.”

ಮಾತಿನಲ್ಲಿ ಸಿಟ್ಟಿರಲಿಲ್ಲ. ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಎಳೆದ ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರೇ ತಮ್ಮ ತಂದೆಯ ವಿಷಯ ಹೇಳಿದರು.

ಅವರ ತಂದೆ ಕಟ್ಟಡದ ಕೆಲಸಕ್ಕೆ ಕಲ್ಲು ಹೊರುತ್ತಿದ್ದವರು. ಚಿಂತಾಮಣಿಯಲ್ಲಿ ಒಂದು ಹೋಟೆಲಿನ ಗೋಡೆಗೂ ಹೊತ್ತಿದ್ದರು. ಗೋಡೆ ಎದ್ದು, ಸುಣ್ಣ ಬಳಿದು, ಹೋಟೆಲು ಶುರುವಾದ ಮೇಲೆ ಅದೇ ಗೋಡೆಯ ಹೊರಗೆ ಕುಕ್ಕರಗಾಲಿನಲ್ಲಿ ಕೂತು ಟೀ ಕುಡಿದರು. ಮೇಡಂಗೆ ಕೆಲಸ ಸಿಕ್ಕಿದ ಮೊದಲ ತಿಂಗಳು, ಕಾಲ ಅಷ್ಟಿಷ್ಟು ಬದಲಾಗಿತ್ತು. ಅಪ್ಪನನ್ನು ಅದೇ ಹೋಟೆಲಿಗೆ ಕರೆದುಕೊಂಡು ಹೋಗಿ, ಫ್ಯಾನಿನ ಕೆಳಗೆ ಕೂರಿಸಿ, ಮಸಾಲೆ ದೋಸೆ ತರಿಸಿದರು.

“ಮೂರು ಸಲ ಎದ್ದು ನಿಂತ್ರು ನಮ್ಮಪ್ಪ. ಸಪ್ಲೈಯರ್ ಬಂದಾಗಲೆಲ್ಲ ಎದ್ದೇಳೋರು. ನಾನು ಕೈ ಹಿಡಿದು ಕೂರಿಸ್ದೆ. ತಿಂದು ಮುಗಿಸಿದ ಮೇಲೆ ಕೇಳ್ದೆ, ಹೇಗಿದೆ ಅಪ್ಪಾ ಅಂತ. ಆ ಕಡೆ ಈ ಕಡೆ ನೋಡಿದ್ರು. ‘ಹೇಳಬೋದಾ?’ ಅಂತ ಕೇಳಿದ್ರು ಕಣಮ್ಮ. ಹೇಳಪ್ಪ ಅಂದೆ. ಬಗ್ಗಿ ನನ್ನ ಕಿವೀಲಿ, ‘ಚಟ್ನಿ ನೀರಾಯ್ತು’ ಅಂದ್ರು.”

ಮೇಡಂ ನಕ್ಕರು. ಕಣ್ಣು ತುಂಬಿತ್ತು.

“ಐವತ್ತೈದು ವರ್ಷದ ಮನುಷ್ಯ. ಒಂದು ಹೋಟೆಲ್ ಬಗ್ಗೆ ಅವರು ಆಡಿದ ಮೊದಲನೇ ಮಾತು ಅದು. ಅವತ್ತೇ ಅಂದ್ಕೊಂಡೆ, ನಾನಿನ್ನು ಕಿವೀಲಿ ಹೇಳಲ್ಲ ಅಂತ. ಎಲ್ಲಿ ಕೂತು ತಿಂತೀನೋ ಅಲ್ಲೇ ಹೇಳ್ತೀನಿ, ಗಟ್ಟಿಯಾಗಿ. ಈ ನಂಜುಂಡಪ್ಪನ ಹೋಟೆಲ್ ಒಂದು ಬಾಕಿ ಉಳಿದುಬಿಟ್ಟಿದೆ, ಒಂಬತ್ತು ವರ್ಷದಿಂದ.”

ಅಲ್ಲಿಯವರೆಗೆ ನಾನು ಅವರದನ್ನು ನಾಲಿಗೆಯ ಚಪಲ ಎಂದುಕೊಂಡಿದ್ದೆ. ಮುಂದಿನ ಶನಿವಾರದಿಂದ ಅವರ ಜೊತೆ ಹೋಟೆಲಿಗೆ ಹೋದಾಗ, ಅವರು ಮೊದಲು ಯಾವ ಜಾಗದಲ್ಲಿ ಕೂರುತ್ತಾರೆ ಎಂದು ನೋಡತೊಡಗಿದೆ. ಯಾವಾಗಲೂ ನಡುವಿನ ಮೇಜು.

ಮಾರ್ಚ್ ಮುಗಿಯುತ್ತ ಬಂತು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವ ರೂಢಿ. ಊರೊಳಗಿನವರು, ಕಾಲೋನಿಯವರು ಸೇರಿ ಹನ್ನೊಂದು ಮಕ್ಕಳು. ಹೆಡ್ಮಾಸ್ತರು ನಂದಿಬೆಟ್ಟ ಎಂದರು. ಮೇಡಂ ಚಿಂತಾಮಣಿ ಎಂದರು.

“ಚಿಂತಾಮಣೀಲಿ ಏನಿದೆಯಮ್ಮ ನೋಡೋಕೆ?”

“ಹೋಟೆಲ್ ಇದೆ ಸರ್. ಸಿನಿಮಾ ಇದೆ. ಇವರಲ್ಲಿ ಎಂಟು ಜನ ಒಂದು ಸಲಾನೂ ಹೋಟೆಲ್ಲಿನ ಒಳಗೆ ಕೂತಿಲ್ಲ.”

“ಪ್ರವಾಸ ಅಂತ ಬರೆದು ಹೋಟೆಲ್ಲು, ಸಿನಿಮಾ ಅಂತ ತೋರಿಸಿದ್ರೆ ಮೇಲಿನವರು ಏನಂತಾರೆ?”

“ಸಮಾಜ ಪಾಠ ಅಂತ ಬರೀರಿ” ಎಂದರು ಮೇಡಂ.

ಹೆಡ್ಮಾಸ್ತರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ ಹಾಗೆಯೇ ಬರೆದು, ಮಕ್ಕಳ ಜೊತೆ ನಮ್ಮಿಬ್ಬರನ್ನೇ ಕಳಿಸಿದರು.

ಚಿಂತಾಮಣಿಯ ಹೋಟೆಲಿನಲ್ಲಿ ಮೂರು ಮೇಜು ಸೇರಿಸಿ ನಮ್ಮನ್ನು ಕೂರಿಸಿದರು. ಯಾರು ಯಾರ ಪಕ್ಕ ಎಂದು ಮೇಡಂ ಹೇಳಲಿಲ್ಲ. “ಜಾಗ ಇರೋ ಕಡೆ ಕೂತ್ಕೊಳ್ಳಿ” ಎಂದರಷ್ಟೆ. ನಾಗವೇಣಿಯ ಪಕ್ಕ ಕಾಲೋನಿಯ ಲಕ್ಷ್ಮೀದೇವಿ ಕೂತಳು. ಇಬ್ಬರೂ ಏಳು ವರ್ಷ ಒಂದೇ ತರಗತಿಯಲ್ಲಿ ಓದಿದವರು, ಒಂದೇ ಮೇಜಿನಲ್ಲಿ ಉಂಡವರಲ್ಲ. ಮಸಾಲೆ ದೋಸೆ ಬಂತು. ಎಲ್ಲಿಂದ ಮುರಿಯಬೇಕೆಂದು ತಿಳಿಯದೆ ಲಕ್ಷ್ಮೀದೇವಿ ನಾಗವೇಣಿಯ ಕೈ ನೋಡಿದಳು. ಹೋಟೆಲಿನ ಮನೆಯಲ್ಲೇ ಹುಟ್ಟಿದ್ದ ನಾಗವೇಣಿ, “ತುದಿಯಿಂದ ಶುರು ಮಾಡೇ, ನಡುಮಧ್ಯ ಪಲ್ಯ ಇರುತ್ತೆ” ಎಂದು ಪಾಠ ಹೇಳಿದಳು.

ತಟ್ಟೆಗಳು ಖಾಲಿಯಾದ ಮೇಲೆ ಮೇಡಂ ಪರೀಕ್ಷೆ ಶುರು ಮಾಡಿದರು. ಒಬ್ಬೊಬ್ಬರೂ ದೋಸೆಯ ಬಗ್ಗೆ ಹೇಳಬೇಕು. ‘ಚೆನ್ನಾಗಿದೆ’ ಎಂದರೆ ಸೊನ್ನೆ. ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಾಗವೇಣಿ ಎದ್ದು, “ನಮ್ಮಪ್ಪನ ಸಾಂಬಾರಿಗಿಂತ ಇದು ಚೆನ್ನಾಗಿದೆ ಮಿಸ್” ಎಂದಳು. ನಗು ಎದ್ದಿತು. ಆಮೇಲೆ ಲಕ್ಷ್ಮೀದೇವಿಯ ಸರದಿ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಮೇಡಂ ಕಾದರು. ಅವರು ಹಾಗೆ ಕಾದದ್ದನ್ನು ನಾನು ತರಗತಿಯಲ್ಲೂ ನೋಡಿರಲಿಲ್ಲ.

“ಪಲ್ಯ ಎಲ್ಲ ಒಂದೇ ಕಡೆ ಇತ್ತು ಮಿಸ್” ಎಂದಳು ಕೊನೆಗೆ. “ದೋಸೆ ಪೂರ್ತಿ ಹರಡಿದ್ರೆ ಎಲ್ಲ ತುತ್ತಿಗೂ ಸಿಗ್ತಿತ್ತು.”

ಸಪ್ಲೈಯರ್ ಅದನ್ನು ಕೇಳಿ ಒಳಗೆ ಹೋಗಿ ಹೇಳಿದ. ದೋಸೆ ಹುಯ್ಯುವವರು ಬಾಗಿಲಿಗೆ ಬಂದು, “ಯಾರಮ್ಮ ಹೇಳಿದ್ದು? ಕರೆಕ್ಟಾಗಿ ಹೇಳಿದ್ದೀಯ ಬಿಡು” ಎಂದು ಹೋದರು. ಲಕ್ಷ್ಮೀದೇವಿ ಕೂತಳು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಡಂ ಬೇರೆ ಕಡೆ ತಿರುಗಿಕೊಂಡು ಕನ್ನಡಕ ಒರೆಸುತ್ತಿದ್ದರು.

ಸಿನಿಮಾದ ವಿಷಯ ಬೇಡ. ಹೊಡೆದಾಟದ್ದು. ಮಕ್ಕಳಿಗೆ ಬಲು ಹಿಡಿಸಿತು, ಮೇಡಂಗೆ ಸುತರಾಂ ಹಿಡಿಸಲಿಲ್ಲ. ಬರುವಾಗ ಬಸ್ಸಿನ ತುಂಬ ಅದೇ ವಾದ. ಹೀರೋ ಅಷ್ಟು ಎತ್ತರದಿಂದ ಹಾರಿದರೆ ಮೊಣಕಾಲು ಉಳಿಯುತ್ತದೆಯೇ ಇಲ್ಲವೇ? ಶಾಲೆಯ ಊರಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಬಸ್ಸು ನಂಜುಂಡಪ್ಪನವರ ಹೋಟೆಲ್ ಮುಂದೆಯೇ ನಿಲ್ಲುವುದು. ವಾದ ನಿಂತಿರಲಿಲ್ಲ, ಬಾಯಾರಿಕೆ ಬೇರೆ. ನಾಗವೇಣಿ ಮಾತಾಡುತ್ತ ಮಾತಾಡುತ್ತ ತನ್ನ ಮನೆಗೆ ಹೋಗುವಂತೆ ಒಳಗೆ ಹೋದಳು. ಅವಳಿಗೆ ಉತ್ತರ ಕೊಡುತ್ತ ಲಕ್ಷ್ಮೀದೇವಿ ಹೋದಳು. ಹಿಂದೆ ಮಿಕ್ಕವರೂ. ಏನಾಯಿತೆಂದು ನಾವು ನೋಡುವ ಹೊತ್ತಿಗೆ ಹನ್ನೊಂದೂ ಮಕ್ಕಳು ಒಳಗಿನ ಬೆಂಚುಗಳ ಮೇಲಿದ್ದರು.

ನಂಜುಂಡಪ್ಪ ಬೋಂಡ ತೆಗೆಯುವ ಜಾಲರಿ ಎತ್ತಿ ಹಿಡಿದು ಹಾಗೇ ನಿಂತರು. ಮೂಲೆಯಲ್ಲಿ ಕೂತಿದ್ದ ಇಬ್ಬರು ಹಿರಿಯರು ಮಾತು ನಿಲ್ಲಿಸಿದರು. ಆಗ ಮಕ್ಕಳಿಗೂ ತಿಳಿಯಿತು. ಲಕ್ಷ್ಮೀದೇವಿ ಏಳಲು ಹೋದಳು. ನಾಗವೇಣಿ ಅವಳ ಭುಜ ಒತ್ತಿ ಕೂರಿಸಿ, ಶೆಲ್ಫಿನಿಂದ ಸ್ಟೀಲ್ ಲೋಟಗಳನ್ನು ತೆಗೆದು, ಮಡಕೆಯ ನೀರು ತುಂಬಿಸಿ ಸಾಲಾಗಿ ಕೊಡುತ್ತ ಬಂದಳು.

“ನಾಗೂ...” ಎಂದರು ಅಪ್ಪ.

“ಚಿಂತಾಮಣೀಲಿ ನಾವೆಲ್ಲ ಒಂದೇ ಟೇಬಲ್ಲಲ್ಲಿ ತಿಂದ್ವಿ ಅಪ್ಪ” ಎಂದಳು. “ಮಿಸ್‌ಗಳೂ ನಮ್ಮ ಜೊತೆಗೇ ತಿಂದ್ರು.”

ಹಿರಿಯರಲ್ಲಿ ಒಬ್ಬರು ಟವೆಲ್ ಕೊಡವಿಕೊಂಡು ಎದ್ದರು. “ಕಾಲಂ ಮಾರಿಪೋಯಿಂದಿರಾ” ಎಂದು ತೆಲುಗಿನಲ್ಲಿ ಗೊಣಗುತ್ತ, ಕಾಲ ಕೆಟ್ಟಿತೆಂಬಂತೆ ತಲೆ ಅಲ್ಲಾಡಿಸುತ್ತ ಹೊರಗೆ ಹೋದರು. ಇನ್ನೊಬ್ಬರು ಎದ್ದವರು ಮತ್ತೆ ಕೂತರು. ಮೇಡಂ ಹೊಸ್ತಿಲ ಆಚೆ, ಬಿಸಿಲಿನಲ್ಲಿ ನಿಂತಿದ್ದರು. ನಾನೂ ಅವರ ಪಕ್ಕದಲ್ಲೇ ನಿಂತೆ. ಕರೆಯದೆ ಅವರು ಒಳಗೆ ಹೋಗುವವರಲ್ಲ, ಮಕ್ಕಳನ್ನು ಬಿಟ್ಟು ಹೊರಟು ಹೋಗುವವರೂ ಅಲ್ಲ.

ನಂಜುಂಡಪ್ಪ ಮಗಳನ್ನು ನೋಡಿದರು, ಮಕ್ಕಳನ್ನು ನೋಡಿದರು, ಮೇಡಂ ಕಡೆ ನೋಡಿದರು. ಆ ಮನುಷ್ಯನ ಒಳಗೆ ಏನೇನು ನಡೆಯಿತೋ ನಾನು ಹೇಳಲಾರೆ. ಜಾಲರಿಯನ್ನು ಬಾಣಲೆಯ ಪಕ್ಕ ಇಟ್ಟು, ಪಂಚೆಗೆ ಕೈ ಒರೆಸಿಕೊಂಡರು.

“ಬಿಸಿಲಲ್ಲಿ ನಿಂತ್ಕೊಂಡಿದೀರಲ್ಲ ಮೇಡಮ್ಮೋರೆ” ಎಂದರು. “ಒಳಕ್ಕೆ ಬನ್ನಿ.”

ಮೇಡಂ ಒಳಗೆ ಹೋದರು. ನಡುವಿನ ಬೆಂಚಿನಲ್ಲಿ ಕೂತರು. ನಂಜುಂಡಪ್ಪ ಸ್ಟೀಲ್ ಲೋಟದಲ್ಲಿ ಟೀ ತಂದು ಅವರ ಮುಂದಿಟ್ಟರು. ಹನ್ನೊಂದು ಮಕ್ಕಳು, ಒಬ್ಬ ಹಿರಿಯರು, ನಾನು, ಎಲ್ಲರೂ ನೋಡುತ್ತಿದ್ದಂತೆ ಅವರು ಅದನ್ನು ನಿಧಾನವಾಗಿ ಪೂರ್ತಿ ಕುಡಿದು ಮುಗಿಸಿದರು.

“ಹೇಗದೆ ಮೇಡಮ್ಮೋರೆ?” ಎಂದು ಕೇಳಿದರು ನಂಜುಂಡಪ್ಪ.

“ನಂಜುಂಡಪ್ನೋರೆ, ಒಂಬತ್ತು ವರ್ಷದಿಂದ ನಿಮ್ಮ ಟೀ ಚೆನ್ನಾಗಿಲ್ಲ ಅಂತ ಹೇಳ್ಕೊಂಡು ಬಂದಿದೀನಿ. ಕುಡಿಯದೇನೇ ಹೇಳ್ತಿದ್ದೆ, ಅದು ನನ್ನ ತಪ್ಪು. ಈಗ ಕುಡಿದು ಹೇಳ್ತಿದೀನಿ.” ಲೋಟ ಕೆಳಗಿಟ್ಟರು. “ಟೀ ಚೆನ್ನಾಗಿಲ್ಲ. ಸೊಪ್ಪು ಜಾಸ್ತಿ ಕುದ್ದುಬಿಟ್ಟಿದೆ.”

ಮೊದಲು ನಕ್ಕಿದ್ದು ನಾಗವೇಣಿ. “ನಾನೂ ಅದೇ ಹೇಳ್ತೀನಿ ಮಿಸ್, ಕೇಳೋದೇ ಇಲ್ಲ!” ಆಮೇಲೆ ಮಕ್ಕಳೆಲ್ಲ ನಕ್ಕರು, ಮೂಲೆಯ ಹಿರಿಯರು ನಕ್ಕರು, ಕೊನೆಗೆ ನಂಜುಂಡಪ್ಪನವರೂ ತಲೆ ಕೆರೆದುಕೊಂಡು ನಕ್ಕರು.

ಊರು ಒಂದೇ ದಿನಕ್ಕೆ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ತಿಂಗಳುಗಟ್ಟಲೆ ಆ ಹೋಟೆಲಿಗೆ ಕಾಲಿಡಲಿಲ್ಲ. ಸೂರಿನ ಲೋಟಗಳು ಇನ್ನೂ ಒಂದಷ್ಟು ದಿನ ಅಲ್ಲೇ ಇದ್ದವು. ಕಾಲೋನಿಯ ಹಿರಿಯರೇ ಒಳಗೆ ಬರಲು ಹಿಂಜರಿಯುತ್ತಿದ್ದರು, ಅವರ ಮಕ್ಕಳು ಕೈ ಹಿಡಿದು ಕರೆತರಬೇಕಾಯಿತು. ನಾಲ್ಕು ಜನ ಶಾಲೆಗೆ ಬಂದು, ಮೇಷ್ಟರಾದವರಿಗೆ ಊರಿನ ಉಸಾಬರಿ ಯಾಕೆ ಎಂದು ಹೆಡ್ಮಾಸ್ತರನ್ನು ಗದರಿಸಿದರು. ಯಾವಾಗಲೂ ಕೆಮ್ಮಿ ಎದ್ದು ಹೋಗುವ ನಮ್ಮ ಹೆಡ್ಮಾಸ್ತರು ಅವತ್ತು ಎದ್ದು ಹೋಗಲಿಲ್ಲ. ಏಳನೇ ತರಗತಿಯ ಸಮಾಜ ಪುಸ್ತಕ ತೆರೆದು, ಬೆರಳಿಟ್ಟು ತೋರಿಸಿ, “ಸರ್ಕಾರ ಪಾಠ ಮಾಡು ಅಂದಿದೆ, ಮಾಡಿದೀವಿ ಸ್ವಾಮಿ” ಎಂದರು. ಬೇಸಿಗೆ ರಜೆ ಮುಗಿಸಿ ನಾವು ಬರುವ ಹೊತ್ತಿಗೆ ಸೂರಿನ ಸಂದಿ ಖಾಲಿಯಾಗಿತ್ತು. ನಂಜುಂಡಪ್ಪ ಟೀ ಸೊಪ್ಪು ಹಾಕುವುದನ್ನು ಕಡಿಮೆ ಮಾಡಿದ್ದರು. ಮೇಡಂ ಕುಡಿದು, “ಈಗ ನೀರಾಗಿದೆ” ಎಂದರು.

ಆ ರಜೆಯಲ್ಲಿ ನಾನೂ ಒಂದು ಕೆಲಸ ಮಾಡಿದೆ. ಮೇಡಂ ಅವರನ್ನು ಗೌರಿಬಿದನೂರಿಗೆ ಊಟಕ್ಕೆ ಕರೆದೆ. ಕರೆದು ಬಂದು ಅಮ್ಮನಿಗೆ ಹೇಳಿದೆ. ಮೇಡಂ ಬಂದ ದಿನ ಅಮ್ಮ, ನಾವೆಲ್ಲ ಉಣ್ಣುವ ಅಡುಗೆಮನೆಯ ಪಡಸಾಲೆ ಬಿಟ್ಟು ಮುಂದಿನ ಹಜಾರದಲ್ಲಿ ಒಂದೇ ಒಂದು ಎಲೆ ಹಾಕಿ, “ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ” ಎಂದಳು. ಒಳಗೆ ಹೋಗಿ ಇನ್ನೊಂದು ಎಲೆ ತಂದು ಮೇಡಂ ಪಕ್ಕ ಹಾಕಿಕೊಂಡು ಕೂತೆ. ಅಪ್ಪ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು. ಒಂದು ಕ್ಷಣ ಬಿಟ್ಟು, “ನನಗೂ ಇಲ್ಲೇ ಹಾಕೇ, ಗಾಳಿ ಇದೆಯಂತಲ್ಲ” ಎಂದು ಬಂದು ಕೂತರು.

ಅಮ್ಮ ಬಡಿಸಿದಳು. ಹುರುಳಿಕಾಯಿ ಪಲ್ಯ, ಬೇಳೆ ಸಾರು, ಅನ್ನ. ಊಟ ಹೇಗಿದೆ ಎಂದು ವಾಡಿಕೆಗೆ ಕೇಳಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ಪಲ್ಯ ಬಹಳ ರುಚಿಯಾಗಿದೆ ಅಮ್ಮ. ಸಾರಿಗೆ ಉಪ್ಪು ಒಂಚೂರು ಮುಂದಾಗಿದೆ.”

ಅಮ್ಮ ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ನೋಡಿದಳು. ಅಪ್ಪನ ಕಡೆ ತಿರುಗಿ, “ಹೌದೂ, ಮುಂದಾಗಿದೆ! ದಿನಾ ಉಣ್ತೀರಿ, ಒಂದು ದಿನ ಹೇಳಬಾರದಾ?” ಎಂದು ಸಿಡುಕಿದಳು. ಆಮೇಲೆ ಮೇಡಂ ಎದುರಿಗೇ ಕೂತು, ಸಾರಿನ ಪುಡಿಗೆ ಅವರು ಏನೇನು ಹಾಕುತ್ತಾರೆ ಎಂದು ವಿಚಾರಿಸತೊಡಗಿದಳು. ಮುಂದಿನ ಸಲ ಅವರು ಬಂದಾಗ ಎಲೆಗಳೆಲ್ಲ ಒಳಗೇ ಬಿದ್ದವು. ಯಾರೂ ಗಾಳಿಯ ಮಾತೆತ್ತಲಿಲ್ಲ.

ಹೋದ ವಾರ ಇಷ್ಟನ್ನೂ ನೆನೆಯುತ್ತ ಬಸ್‌ಸ್ಟ್ಯಾಂಡಿಗೆ ಬಂದವಳು ನಮ್ಮ ಬಸ್ಸು ಹತ್ತಲಿಲ್ಲ. ಮೇಡಂ ಈಗ ಚಿಕ್ಕಬಳ್ಳಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಮಂಡಿ ನೋವು, ಕಿವಿ ಕೊಂಚ ಮಂದ, ನಾಲಿಗೆ ಮಾತ್ರ ಹಾಗೇ ಇದೆ. ಸೀದಾ ಅಲ್ಲಿಗೆ ಹೋಗಿ, “ಮೇಡಂ, ಮ್ಯಾಟಿನಿಗೆ ಹೋಗಣ ಬನ್ನಿ” ಎಂದೆ. ಅವರ ಮಗಳು ಬೇಡ ಎನ್ನುವಷ್ಟರಲ್ಲಿ ಅವರು ಸೀರೆ ಬದಲಾಯಿಸಲು ಎದ್ದಿದ್ದರು.

ತಾಯಿ ಮಗಳ ಕಥೆಯ ಸಿನಿಮಾ. ವಾಪಸು ಬರುವಾಗ ಆಟೋದಲ್ಲಿ ಮೇಡಂ, “ಮೊದಲರ್ಧ ಎಳೆದಿದಾನೆ, ತಾಯಿ ಪಾತ್ರ ಮಾಡಿದವಳಿಗೆ ಅಳೋಕೆ ಬರಲ್ಲ” ಎಂದು ತೀರ್ಪು ಕೊಟ್ಟರು.

“ಇಲ್ಲ ಮೇಡಂ” ಎಂದೆ. “ಅಳದೇ ಇದ್ದಿದ್ದೇ ಚೆನ್ನಾಗಿತ್ತು. ಮಗಳು ಬಸ್ಸು ಹತ್ತುವಾಗ ಅವಳು ಸುಮ್ಮನೆ ನಿಂತಿದ್ಲಲ್ಲ, ನನಗೆ ಅಲ್ಲೇ ತಡೆಯೋಕಾಗಲಿಲ್ಲ.”

ಮೇಡಂ ನನ್ನ ಕಡೆ ತಿರುಗಿದರು. ಮೂವತ್ತೆಂಟು ವರ್ಷದ ಸ್ನೇಹದಲ್ಲಿ ಸಿನಿಮಾದ ವಿಷಯದಲ್ಲಿ ನಾನು ಅವರಿಗೆ ‘ಇಲ್ಲ’ ಎಂದದ್ದು ಅದೇ ಮೊದಲು. ಕನ್ನಡಕ ಸರಿಮಾಡಿಕೊಂಡು, “ಅದು ಹೇಗೆ? ಹೇಳು ನೋಡಣ” ಎಂದು ವಾದಕ್ಕೆ ಕೂತರು.

ನಾನು ಹೇಳಿದೆ. ಅವರು ಒಪ್ಪಲಿಲ್ಲ. ಆಟೋ ಮನೆಯ ಗೇಟಿನ ಮುಂದೆ ನಿಂತಿತು. ನಾವು ಇಳಿಯಲಿಲ್ಲ. ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದವನು, “ಬೇಜಾರು ಮಾಡ್ಕೋಬೇಡಿ ಅಮ್ಮಾ, ನಾನೂ ಆ ಸಿನಿಮಾ ನೋಡಿದೀನಿ” ಎಂದ.

“ಹೌದೇನಪ್ಪ? ಹಾಗಾದ್ರೆ ನೀನೇ ಹೇಳು” ಎಂದರು ಮೇಡಂ.

ಅವನು ಎಂಜಿನ್ ಆಫ್ ಮಾಡಿ, ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಕೂತ.